ಹದಿನಾರು ಬಣ್ಣದ ರಾಜ್ಯದ ಬಿಲ್ಲಯ್ಯ

ಕಂಪ್ಯೂಟರ್ ಎಂದರೆ ಕಪ್ಪು ಪರದೆ, ಬಿಳಿ ಅಕ್ಷರ ಎಂದಿದ್ದ ಕಾಲದಲ್ಲಿ, ಅಂಗೈಯಗಲದ ಒಂದು ಫ್ಲಾಪಿ ತಟ್ಟೆಯೊಳಗೆ, ಒಂದು ಆಟದಲ್ಲಿ, ಒಂದು ರಾಜ್ಯವಿತ್ತು. ಅಲ್ಲಿದ್ದದ್ದು ಹದಿನಾರೇ ಬಣ್ಣ. ಆಕಾಶಕ್ಕೆ ಒಂದು, ನೀರಿಗೆ ಒಂದು, ರಕ್ತಕ್ಕೆ ಒಂದು. ಉಳಿದವನ್ನು ಜನರೂ ಮೃಗಗಳೂ ಹಂಚಿಕೊಂಡಿದ್ದರು.

ಆ ರಾಜ್ಯದಲ್ಲಿ ಬಿಲ್ಲಯ್ಯ ಎಂಬ ಬಿಲ್ಲುಗಾರನಿದ್ದ. ಅವನ ಹೆಂಡತಿ ಹೊಂಬಾಳೆ. ಧೂಮಾಕ್ಷನೆಂಬ ಮಾಂತ್ರಿಕ ಅವಳನ್ನು ಕಲ್ಲಾಗಿಸಿ, ಆಟದ ಮೂರನೆಯ, ಕೊನೆಯ ಖಂಡದ ಗೋಪುರದಲ್ಲಿ ನಿಲ್ಲಿಸಿದ್ದ. ಅವಳನ್ನು ಬಿಡಿಸಿಕೊಂಡು ಬರಲು ಬಿಲ್ಲಯ್ಯ ಹೊರಟ.

ಮೊದಲು ಸೇತುವೆಯ ಜೇಡ. ಅದನ್ನು ಕೊಂದ. ಆಮೇಲೆ ಗವಿಯ ಬೆಂಕಿಹಲ್ಲಿ. ಅದನ್ನೂ ಕೊಂದ. ಕೊನೆಗೆ ಕಬ್ಬಿಣದ ಬಾಗಿಲು ಕಾಯುವ ರಕ್ಕಸಿ ಬಂಡೆಯವ್ವ. ಅವಳನ್ನೂ ಕೆಡವಿದ. ಬಾಗಿಲ ಮೇಲೆ ಹೀಗೆ ಬರೆದಿತ್ತು: 'ಮೊದಲನೆಯ ಖಂಡ ಮುಗಿಯಿತು. ಇದನ್ನು ನಕಲು ಮಾಡಿ ಗೆಳೆಯರಿಗೆ ಹಂಚಿ. ಮುಂದಿನ ಎರಡು ಖಂಡ ಬೇಕಾದವರು ಪದ್ಮಾವತಿಗೆ ಕಾಗದ ಬರೆಯಿರಿ.'

ಓದಿ ಮುಗಿಸುವಷ್ಟರಲ್ಲಿ ಅವನಿಗೆ ಕಣ್ಣು ಕತ್ತಲಿಟ್ಟಿತು. ಕಣ್ಣು ಬಿಟ್ಟರೆ ಹೊರಟ ಜಾಗದಲ್ಲೇ ನಿಂತಿದ್ದ. ಜೇಡ ಎದ್ದಿತ್ತು, ಹಲ್ಲಿ ಎದ್ದಿತ್ತು, ಬಂಡೆಯವ್ವ ಎದ್ದಿದ್ದಳು.

ಹೊರಗೆ ಯಾರೋ ಗುಂಡಿ ಒತ್ತುತ್ತಿದ್ದರು, ಒಳಗೆ ಅವನು ನಡೆಯುತ್ತಿದ್ದ. ಹೀಗೆ ಸಾವಿರ ಸಲ ನಡೆದ ಮೇಲೆ ಎಣಿಸುವುದನ್ನು ಬಿಟ್ಟ. ಈಗೀಗ ಜೇಡ ಅವನನ್ನು ಕಂಡ ಕೂಡಲೇ ತಾನೇ ಮಗುಚಿ ಬೀಳುತ್ತಿತ್ತು. ಹಲ್ಲಿಯ ಬಾಯಲ್ಲಿ ಬೆಂಕಿಗಿಂತ ಆಕಳಿಕೆಯೇ ಹೆಚ್ಚು.

ಒಂದು ಮಧ್ಯಾಹ್ನ ಬಿಲ್ಲಯ್ಯ ಬಾಗಿಲ ಮುಂದೆ ಬಿಲ್ಲು ಕೆಳಗಿಟ್ಟು ಕೂತುಬಿಟ್ಟ.

"ಏಳು ತಮ್ಮಾ, ಹೊಡಿ," ಎಂದಳು ಬಂಡೆಯವ್ವ. "ಬೇಗ ಮುಗಿಸು. ನನಗೂ ಸೊಂಟ ನೋವು."

"ಆಗಲ್ಲ ಅಕ್ಕಾ. ಈ ಬಾಗಿಲ ಹಿಂದೆ ಏನಿದೆ, ನೋಡಿದ್ದೀಯಾ?"

ಬಂಡೆಯವ್ವ ಬಾಗಿಲಿಗೆ ಒರಗಿದಳು. "ಒಂದು ಸಲ ಸಂದಿಯಲ್ಲಿ ಇಣುಕಿದ್ದೆ. ಏನೂ ಇಲ್ಲ ತಮ್ಮಾ. ಕತ್ತಲೆ ಕೂಡ ಇಲ್ಲ."

"ಗೋಪುರ?"

"ಕಟ್ಟೇ ಇಲ್ಲ."

ಹೊರಗಿನವರು ಗುಂಡಿ ಒತ್ತಿದರು. ಬಿಲ್ಲಯ್ಯ ಏಳಲಿಲ್ಲ. ಮತ್ತೆ ಒತ್ತಿದರು. ಅವನು ಪರದೆಯ ಗಾಜಿನ ಕಡೆ ತಿರುಗಿ, "ಯಾರು ನೀವು?" ಎಂದ. ಅವನ ಮಾತು ಪರದೆಯ ಕೆಳಗೆ ಅಕ್ಷರವಾಗಿ ಮೂಡಿತು.

ಹೊರಗೆ ಕೂತಿದ್ದವಳು ಪದ್ಮಾವತಿಯೇ. ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುತ್ತಾ, ಪಾಠಕ್ಕೆ ಮುಂಚಿನ ಬೆಳಗಿನ ಹೊತ್ತಿನಲ್ಲಿ ಆ ರಾಜ್ಯವನ್ನು ಕಟ್ಟಿದವಳು. ಈಗ ಅವಳ ತಲೆ ಅರ್ಧ ಬೆಳ್ಳಗಾಗಿತ್ತು. ಅವಳು ಉತ್ತರವನ್ನು ಟೈಪ್ ಮಾಡಿದಳು.

"ನಿಮ್ಮನ್ನೆಲ್ಲ ಮಾಡಿದವಳು ನಾನೇ."

"ಹಾಗಾದರೆ ಉಳಿದ ಎರಡು ಖಂಡ ಎಲ್ಲಮ್ಮ?"

"ಎರಡನೆಯದು ಅರ್ಧ ಆಗಿತ್ತು. ಯಂತ್ರ ಕೆಟ್ಟು ಎಲ್ಲ ಅಳಿಸಿಹೋಯಿತು. ಮತ್ತೆ ಮೊದಲಿಂದ ಬರೆಯೋಣ ಅಂತ ಕೂತೆ, ಕೈ ಏಳಲಿಲ್ಲ. ಕಾಗದ ಬರೆದವರಿಗೆಲ್ಲ ಇನ್ನೊಂದು ತಿಂಗಳು ಅಂದೆ. ಆಮೇಲೆ ಉತ್ತರ ಬರೆಯೋದನ್ನೇ ಬಿಟ್ಟೆ." ಮತ್ತೆ ಬರೆದಳು: "ನಾಳೆ ಈ ಹಳೆಯ ಯಂತ್ರಗಳೆಲ್ಲ ಗುಜರಿಗೆ ಹೋಗುತ್ತವೆ. ಹೊಸದರಲ್ಲಿ ಫ್ಲಾಪಿ ಹಾಕುವ ಜಾಗವೇ ಇಲ್ಲ. ಕೊನೆಯದಾಗಿ ಒಂದು ಸಲ ನೋಡಿಕೊಂಡು ಹೋಗೋಣ ಅನ್ನಿಸಿತು."

ಬಿಲ್ಲಯ್ಯ ಯೋಚಿಸಿದ. "ಎರಡು ಖಂಡ ಬೇಡಮ್ಮ. ಒಂದು ಕೋಣೆ ಸಾಕು. ಅದರಲ್ಲಿ ನನ್ನ ಹೆಂಡತಿ ಇರಲಿ."

"ಅವಳಿದ್ದರೆ ಧೂಮಾಕ್ಷನೂ ಇರಬೇಕು. ಅವನು ಸಾಯದೆ ಆ ಕಲ್ಲು ಕರಗುವುದಿಲ್ಲ."

"ಇರಲಿ. ಆದರೆ ಬಿದ್ದವನು ಮತ್ತೆ ಏಳಬಾರದು."

"ಬಿದ್ದವರನ್ನೆಲ್ಲ ಎಬ್ಬಿಸುವುದು ಆಟಕ್ಕೆ ನಾನು ಬರೆದ ಆಜ್ಞೆಗಳಲ್ಲಿ ಒಂದೇ ಒಂದು ಸಾಲು. ಅದನ್ನು ಅಳಿಸಿದರೆ ಯಾರೂ ಏಳುವುದಿಲ್ಲ. ನೀನೂ ಅಷ್ಟೇ."

"ಗೊತ್ತಮ್ಮ. ಎದ್ದು ಎದ್ದು ಸಾಕಾಗಿದೆ. ಅಳಿಸಿ."

ಪದ್ಮಾವತಿ ಸಂಜೆಯವರೆಗೂ ಬರೆದಳು. ಫ್ಲಾಪಿಯಲ್ಲಿ ಉಳಿದಿದ್ದ ಜಾಗ ಒಂದು ಬೂದು ಕೋಣೆಗೆ, ಒಬ್ಬ ಮಾಂತ್ರಿಕನಿಗೆ, ಒಂದು ಕಲ್ಲಿನ ಹೆಂಗಸಿಗೆ, ಮೂರು ಬಾಣಗಳಿಗೆ ಸಾಕಾಯಿತು. ಆಮೇಲೆ ಆ ಒಂದು ಸಾಲನ್ನು ಅಳಿಸಿ ಆಟ ಶುರುಮಾಡಿದಳು.

ಬಿಲ್ಲಯ್ಯ ಸೇತುವೆಗೆ ಬಂದ. "ಇವತ್ತು ಬಿದ್ದರೆ ಏಳಲ್ಲ, ಪಕ್ಕಕ್ಕೆ ಸರಿ," ಎಂದ. ಜೇಡ ಸರಿಯಿತು. ಗವಿಯಲ್ಲಿ ಹಲ್ಲಿಗೂ ಹಾಗೇ ಹೇಳಿದ. ಅದು ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟಿತು. ಬಂಡೆಯವ್ವ ಬಾಗಿಲಿಗೆ ಹೆಗಲು ಕೊಟ್ಟು ತೆರೆದಳು.

ಹೊಗೆಯ ನಡುವೆ ಧೂಮಾಕ್ಷ ನಿಂತಿದ್ದ. "ಇಷ್ಟು ವರ್ಷ ಎಲ್ಲಿದ್ದೆ?" ಎಂದು ಕೇಳಿದ.

"ದಾರಿಯಲ್ಲಿದ್ದೆ," ಎಂದ ಬಿಲ್ಲಯ್ಯ.

ತಾನೇ ಮಾಡಿದ ಆಟವಾದರೂ ಪದ್ಮಾವತಿಗೆ ಆಡಲು ಅಷ್ಟಾಗಿ ಬರುತ್ತಿರಲಿಲ್ಲ. ಮೊದಲ ಬಾಣ ಗೋಡೆಗೆ ತಾಗಿತು. ಎರಡನೆಯದು ಹೊಗೆಯಲ್ಲಿ ಕಳೆದುಹೋಯಿತು. ಧೂಮಾಕ್ಷ ಎಸೆದ ಬೆಂಕಿ ಬಿಲ್ಲಯ್ಯನ ಎಡಭುಜವನ್ನು ಸುಟ್ಟಿತು. ಅವನು ಮಂಡಿಯೂರಿದ.

"ಅಮ್ಮ, ಕೈ ತೆಗೆಯಿರಿ. ಇದೊಂದನ್ನು ನಾನೇ ಬಿಡುತ್ತೇನೆ."

ಪದ್ಮಾವತಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಅವನು ಅವಸರ ಮಾಡಲಿಲ್ಲ. ಹೊಗೆ ಸರಿಯುವವರೆಗೆ ನೋವು ನುಂಗಿಕೊಂಡು ಕಾದ. ಮಾಂತ್ರಿಕನ ಎದೆ ಕಂಡಾಗ ಬಾಣ ಬಿಟ್ಟ.

ಧೂಮಾಕ್ಷ ಬಿದ್ದ. ಬಾಗಿಲಲ್ಲಿ ಬಂದು ನೆರೆದಿದ್ದ ಜೇಡ, ಹಲ್ಲಿ, ಬಂಡೆಯವ್ವ ಎಲ್ಲರೂ ನೋಡುತ್ತ ನಿಂತರು. ಅವನು ಏಳಲಿಲ್ಲ.

ಕಲ್ಲು ಪಾದದಿಂದ ಕರಗುತ್ತ ಬಂತು. ಹೊಂಬಾಳೆ ಕಣ್ಣು ಬಿಟ್ಟು ಗಂಡನನ್ನು ನೋಡಿದಳು. "ಎಷ್ಟು ಸೊರಗಿದ್ದೀರಿ. ಬನ್ನಿ, ಮನೆಗೆ ಹೋಗೋಣ."

"ಸ್ವಲ್ಪ ಇರು," ಎಂದ ಬಿಲ್ಲಯ್ಯ. "ಮೊದಲು ಕೂತುಕೊಳ್ಳುತ್ತೇನೆ."

ಪದ್ಮಾವತಿ ಫ್ಲಾಪಿಯನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಮನೆಗೆ ಒಯ್ದು, ಸೀರೆಗಳ ನಡುವೆ ಇಟ್ಟಳು. ಮರುದಿನ ಯಂತ್ರಗಳು ಹೋದವು. ಅದನ್ನು ತೆರೆಯುವ ಸಾಧನ ಆ ಊರಿನಲ್ಲಿ ಉಳಿಯಲಿಲ್ಲ, ಗುಂಡಿ ಒತ್ತುವವರೂ ಉಳಿಯಲಿಲ್ಲ.

ಒಳಗೆ ಜೇಡ ತನಗಾಗಿ ಮಾತ್ರ ಬಲೆ ನೇಯ್ದುಕೊಂಡಿತು. ಹಲ್ಲಿ ಹೊಂಬಾಳೆಯ ಒಲೆ ಹೊತ್ತಿಸಿಕೊಟ್ಟು ಬಿಸಿಗಲ್ಲಿನ ಮೇಲೆ ಒರಗುತ್ತಿತ್ತು. ಬಂಡೆಯವ್ವ ಬಾಗಿಲು ಕಾಯುವುದನ್ನು ಬಿಟ್ಟು ಸೊಂಟ ನೆಟ್ಟಗೆ ಮಾಡಿ ಮಲಗಿದಳು. ಬಿಲ್ಲಯ್ಯನ ಭುಜದ ಗಾಯ ಮಾಯಲು ಬಹಳ ದಿನ ಹಿಡಿಯಿತು. ಹೊಂಬಾಳೆ ದಿನಾ ಎಣ್ಣೆ ಹಚ್ಚುತ್ತಿದ್ದಳು. ಅವನು ಹೊತ್ತೇರುವವರೆಗೆ ನಿದ್ದೆ ಮಾಡುತ್ತಿದ್ದ. ಯಾರೂ ಎಬ್ಬಿಸುತ್ತಿರಲಿಲ್ಲ.