ಕೆರಿಮಾಕ್ಕೆ ಹೋದ ಸಂತಾಪ ಪತ್ರ

ಹಿತಮಾಪಕ ಯಂತ್ರವು ಆ ಬೆಳಿಗ್ಗೆ ಹತ್ತು ಗಂಟೆಯೊಳಗೆ ನಲವತ್ತೊಂದು ಪತ್ರಗಳನ್ನು ಓದಿ, ಮೂವತ್ತೆಂಟನ್ನು ಕಳುಹಿಸಬೇಕಾಗಿಲ್ಲವೆಂದು ತೀರ್ಮಾನಿಸಿತ್ತು. ಒಂದು ದ್ವೀಪದ ರಾಷ್ಟ್ರೀಯ ದಿನಕ್ಕೆ ಶುಭಾಶಯ: ಹಿತಾಂಕ ಸೊನ್ನೆ. ಇನ್ನೊಂದು ದೇಶದಲ್ಲಿ ಶಾಲೆಯ ಚಾವಣಿ ಕುಸಿದದ್ದಕ್ಕೆ ಅನುತಾಪ: ಹಿತಾಂಕ ಸೊನ್ನೆ. ಸೊನ್ನೆ ಬಂದ ಪತ್ರ ತಾನಾಗಿಯೇ ಅಳಿಸಿಹೋಗುತ್ತಿತ್ತು.

ಮಂಗಳೂರಿನ ಹಳೆಯ ಬಂದರಿನ ಮಗ್ಗುಲಲ್ಲಿದ್ದ ಸಾಗರ ದೇಶಗಳ ಸಂಪರ್ಕ ಕಚೇರಿಗೆ ಈ ಯಂತ್ರ ಬಂದು ಒಂಬತ್ತು ವರ್ಷಗಳಾಗಿದ್ದವು. ಇದನ್ನು ನಿರ್ಮಿಸಿದವರು ಡಾಕ್ಟರ್ ನಿರಂಜನ ಹುಯಿಲಗೋಳ. ದೇಶವೊಂದು ಪರದೇಶದೊಡನೆ ಆಡುವ ಪ್ರತಿಯೊಂದು ಮಾತಿಗೂ ಮುಂದೆ ಸಾವಿರಾರು ಪರಿಣಾಮಗಳು ಕವಲೊಡೆಯುತ್ತವೆ. ಯಂತ್ರವು ಆ ಕವಲುಗಳನ್ನೆಲ್ಲ ಮುಂದಿನ ಇಪ್ಪತ್ತು ವರ್ಷಗಳವರೆಗೆ ನಡೆಸಿ ನೋಡಿ, ಕೊನೆಗೆ ನಮ್ಮ ದೇಶಕ್ಕೆ ಉಳಿಯುವ ಲಾಭವನ್ನು ಒಂದು ಅಂಕಿಯಲ್ಲಿ ಹೇಳುತ್ತಿತ್ತು. ಅದೇ ಹಿತಾಂಕ. ಯಂತ್ರದಿಂದ ಒಳ್ಳೆಯದೇ ಆಗಲಿಲ್ಲವೆಂದು ಹೇಳಲಾಗದು. ಎರಡು ಕೆಟ್ಟ ಒಪ್ಪಂದಗಳನ್ನು ಅದು ತಡೆದಿತ್ತು. ಒಂದು ಯುದ್ಧವನ್ನೂ ತಪ್ಪಿಸಿತ್ತು. ಅದನ್ನು ಕಂಡು ಸಮುದ್ರದ ಸುತ್ತಲಿನ ದೇಶಗಳೆಲ್ಲ ಇಂಥದೇ ಯಂತ್ರವನ್ನು ತಂದು ಕೂರಿಸಿಕೊಂಡವು.

ಅಲ್ಲಿಂದ ಮುಂದೆ ಸಮುದ್ರದ ಮೇಲೆ ಒಂದು ಬಗೆಯ ಮೌನ ಕವಿಯಿತು. ಯಾರೂ ಯಾರಿಗೂ ಸುಮ್ಮನೆ ಬರೆಯುತ್ತಿರಲಿಲ್ಲ.

ಆ ಮೌನ ಎಲ್ಲರಿಗಿಂತ ಹೆಚ್ಚಾಗಿ ತಟ್ಟಿದ್ದು ವಾಮನ ಹತ್ವಾರರಿಗೆ. ಅವರು ಮೂವತ್ತಾರು ವರ್ಷ ಆ ಕಚೇರಿಯಲ್ಲಿ ಶಿಷ್ಟಾಚಾರದ ಅಧಿಕಾರಿಯಾಗಿದ್ದವರು. ನಿವೃತ್ತರಾದ ಮೇಲೂ, ಯಂತ್ರ ಒಪ್ಪಿದ ಪತ್ರಗಳ ಭಾಷೆ ತಿದ್ದಲು ಅವರನ್ನು ಉಳಿಸಿಕೊಂಡಿದ್ದರು. ಅವರ ಕಾಲದಲ್ಲಿ ಪತ್ರವೆಂದರೆ ಕೈಬರಹದ್ದು. ಯಾವ ರಾಯಭಾರಿಯ ಮಗಳಿಗೆ ಹೆರಿಗೆಯಾಯಿತು, ಯಾರ ತಂದೆಗೆ ಕಣ್ಣು ಮಂಜಾಯಿತು ಎಂಬುದನ್ನೆಲ್ಲ ಅವರ ಹೆಂಡತಿ ಅಂಬುಜಾಕ್ಷಿ ನೆನಪಿಟ್ಟು ಹೇಳುತ್ತಿದ್ದರು. ಪರದೇಶದವರು ಮನೆಗೆ ಬಂದರೆ ಹಾಲುಬಾಯಿಯ ಸಿಹಿ ಮಾಡಿ, ಬಾಳೆಲೆಯ ಚೂರಿನಲ್ಲಿಟ್ಟು, ಭಾಷೆ ಬಾರದಿದ್ದರೂ ಮಕ್ಕಳೆಷ್ಟು ಎಂದು ಬೆರಳಿನಲ್ಲಿ ಕೇಳುತ್ತಿದ್ದರು. ಹಾಗೆ ಬಂದು ಉಂಡವರು ಮರುದಿನ ಮಾತುಕತೆಗೆ ಕುಳಿತಾಗ ಮೇಜನ್ನು ಗುದ್ದುತ್ತಿರಲಿಲ್ಲ.

ಅಂಬುಜಾಕ್ಷಿ ಹಿಂದಿನ ಭಾದ್ರಪದದಲ್ಲಿ ತೀರಿಕೊಂಡರು. ಅವರ ಕೈಯಡುಗೆ ಉಂಡಿದ್ದ ಹದಿನೇಳು ದೇಶಗಳಿಂದ ಒಂದು ಸಾಲೂ ಬರಲಿಲ್ಲ. ಅವರ ಯಂತ್ರಗಳೂ ಸೊನ್ನೆ ತೋರಿಸಿರಬೇಕು. ಹತ್ವಾರರು ಯಾರನ್ನೂ ದೂರಲಿಲ್ಲ. ದಿನವೂ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಅವಳನ್ನು ನಿನ್ನ ಹತ್ತಿರ ಚೆನ್ನಾಗಿ ನೋಡಿಕೋ ಎಂದು ಬೇಡಿ ಕಚೇರಿಗೆ ಬರುತ್ತಿದ್ದರು.

ಅಂದು ಅವರ ಮೇಜಿನ ಎದುರು ಮಲ್ಪೆಯ ಕುಸುಮಾ ಕುಂದರ್ ಕುಳಿತಿದ್ದಳು. ಅವಳ ಗಂಡ ದಾಮೋದರ ಆಳಸಮುದ್ರದ ದೋಣಿಯೊಂದರ ತಾಂಡೇಲ, ಎಂದರೆ ದೋಣಿ ನಡೆಸುವ ಮುಖ್ಯಸ್ಥ. ಆರು ತಿಂಗಳ ಹಿಂದೆ ಬಿರುಗಾಳಿಗೆ ಸಿಕ್ಕಿ ಆ ದೋಣಿ ಕೆರಿಮಾ ದ್ವೀಪದೇಶದ ನೀರಿಗೆ ಹೋಗಿತ್ತು. ದಾಮೋದರನೂ ಜೊತೆಗಿದ್ದ ಆರು ಮಂದಿಯೂ ಅಲ್ಲಿ ಬಂದಿಗಳಾಗಿದ್ದರು. ಬರುವ ತಿಂಗಳ ಕೊನೆಗೆ ಅವರನ್ನು ಒಳದ್ವೀಪದ ಸೆರೆಮನೆಗೆ ಕಳುಹಿಸುವರೆಂದು ಸುದ್ದಿ ಬಂದಿತ್ತು. ಶಿಕ್ಷೆ ಆರು ವರ್ಷ.

"ಎಂತ ಆಯ್ತು ಹತ್ವಾರ್ರೆ? ಹೋಯ್ತಾ ಕಾಗದ?" ಕುಸುಮಾ ಕೇಳಿದಳು.

"ಇಲ್ಲ ಕುಸುಮಾ. ಇದು ಐದನೆಯದು. ಏಳು ಮಂದಿಗಾಗಿ ಚಿಕ್ಕ ದೇಶವನ್ನು ಬೇಡಿಕೊಂಡರೆ ನಮ್ಮ ತೂಕ ಕಡಿಮೆಯಾಗ್ತದಂತೆ. ಯಂತ್ರ ಬಿಡುವುದಿಲ್ಲ."

"ಅವರ ಯಂತ್ರ ಎಂತ ಹೇಳ್ತದೆ?"

ಉತ್ತರ ಕೊಟ್ಟವರು ಆಗತಾನೆ ಒಳಗೆ ಬಂದ ಹುಯಿಲಗೋಳರು. "ಬಿಟ್ರ ಅವರಿಗೆ ಲಾಭ ಇಲ್ಲ, ಇಟ್ಕೊಂಡ್ರ ನಷ್ಟ ಇಲ್ಲ ಅಂತ ಹೇಳಿರ್ತದವ್ವಾ. ನಾನ ಮಾಡಿದ ಲೆಕ್ಕದ ಪದ್ಧತಿ ಅದು. ಎರಡೂ ಕಡೆ ಒಂದ ಥರ ಯೋಚನಿ ಮಾಡ್ತದ."

"ಹಾಗಾದ್ರೆ ಎರಡು ಪೆಟ್ಟಿಗೆ ಸೇರಿ ನನ್ನ ಗಂಡನನ್ನು ಜೈಲಿಗೆ ಹಾಕಿದ್ದಾ? ಭಾರೀ ಬುದ್ಧಿವಂತರಪ್ಪ ನೀವು!"

ಹುಯಿಲಗೋಳರು ತಲೆ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು. ಯಂತ್ರದ ತಪ್ಪನ್ನು ಹುಡುಕಲು ಮೂರು ವಾರದಿಂದ ಊಟ ಬಿಟ್ಟು ಕುಳಿತಿದ್ದರು. ಸಿಕ್ಕಿರಲಿಲ್ಲ, ಏಕೆಂದರೆ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅದೇ ಹೊತ್ತಿಗೆ ಹತ್ವಾರರ ಕಣ್ಣು ಮೇಜಿನ ಮೇಲಿನ ಸುದ್ದಿಹಾಳೆಗೆ ಬಿತ್ತು. ಕೆಳಗಿನ ಮೂಲೆಯಲ್ಲಿ ಮೂರೇ ಸಾಲು. ಕೆರಿಮಾದ ವಿದೇಶ ವ್ಯವಹಾರದ ಮುಖ್ಯಸ್ಥ ತೋಮೆ ಸಲಾನ ಅವರ ತಾಯಿ ಎಂಬತ್ತೆಂಟನೆಯ ವಯಸ್ಸಿನಲ್ಲಿ ನಿಧನ. ಹತ್ವಾರರು ಕನ್ನಡಕ ತೆಗೆದು ಒರೆಸಿಕೊಂಡರು.

"ಏನ್ರಿ ಹಿರ್ಯಾರ, ಏನಾತು?"

"ಒಬ್ಬ ಅಮ್ಮ ಹೋದರು, ಡಾಕ್ಟ್ರೇ. ನಾನು ಅವರ ಮನೆಯಲ್ಲಿ ಉಂಡಿದ್ದೇನೆ. ಬರೀಬೇಕು."

"ಯಂತ್ರ ಸೊನ್ನಿ ಅಂತದ. ಬಿಡ್ರಿ. ದೇಶ ದೇಶದ ನಡುವಿನ ಸಂಬಂಧ ಅಂದ್ರ ಬೀಗರ ಮನಿ ಏನ್ರಿ, ಹೋಗಿ ಬಂದು ಮಾಡಾಕ?"

"ಬೀಗರ ಮನೆಯೇ ಮಾರಾಯ್ರೆ. ಸಿಟ್ಟು ಬಂತು ಅಂತ ಅವರೂ ಬೇರೆ ಕಡೆಗೆ ಹೋಗುವುದಿಲ್ಲ, ನಾವೂ ಹೋಗುವುದಿಲ್ಲ. ಅದೇ ಸಮುದ್ರ, ಅದೇ ದಡ. ನಾಳೆ ಮುಖ ನೋಡಬೇಕಲ್ಲ?"

ಯಂತ್ರಕ್ಕೆ ತೋರಿಸದೆ, ತಮ್ಮ ಮನೆಯ ವಿಳಾಸದಿಂದ ಮನೆಯವರಂತೆ ಬರೆಯುವುದೆಂದು ಅವರು ನಿಶ್ಚಯಿಸಿದರು. ಅದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಯಾರೂ ಮಾಡುತ್ತಿರಲಿಲ್ಲ, ಅಷ್ಟೆ. ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು:

"ತಾಯಿಯವರು ತೀರಿಕೊಂಡ ಸುದ್ದಿ ಓದಿದೆ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ನಾನು ನಿಮ್ಮ ಮನೆಗೆ ಬಂದಾಗ, ಮೀನು ಬೇಯಿಸದ ಪಾತ್ರೆ ಮನೆಯಲ್ಲಿಲ್ಲವೆಂದು ಅವರು ಪೇಟೆಗೆ ನಡೆದು ಹೋಗಿ, ಹೊಸ ಪಾತ್ರೆ ತಂದು, ನನಗಾಗಿ ಜೀಗುಜ್ಜೆಕಾಯಿ ಬೇಯಿಸಿದರು. ಊರಿಗೆ ಬಂದು ಹೇಳಿದಾಗ ನನ್ನ ಹೆಂಡತಿ ಆ ಅಮ್ಮ ಚೆನ್ನಾಗಿರಲೆಂದು ದೇವರ ಮುಂದೆ ಒಂದು ದೀಪ ಇಟ್ಟಳು. ಅವಳೂ ಹೋಗಿ ವರ್ಷ ತುಂಬಿಲ್ಲ. ಆ ಊಟವನ್ನು ನೆನೆಯುವವರು ಇನ್ನು ನಾವಿಬ್ಬರೇ. ದೇವರು ನಿಮಗೆ ಧೈರ್ಯ ಕೊಡಲಿ."

ಕುಸುಮಾ ಅದನ್ನು ಕನ್ನಡದಲ್ಲಿ ಓದಿಸಿ ಕೇಳಿದಳು. ಮುಗಿದ ಮೇಲೂ ಕಾದಳು.

"ಮತ್ತೆ? ನಮ್ಮವರ ವಿಷಯ ಎಲ್ಲಿ?"

"ಅದು ಇದರಲ್ಲಿ ಬರುವುದಿಲ್ಲ, ಮಗಾ."

"ಒಂದು ಗೆರೆ ಹಾಕಿ ಮಾರಾಯ್ರೆ. ಒಂದೇ ಗೆರೆ. ಏಳು ಜನ ಇದ್ದಾರೆ ಅಂತ."

"ನಿಮ್ಮ ಕೇರಿಯಲ್ಲಿ ಸಾವಿನ ಮನೆಗೆ ಮಾತನಾಡಿಸಲಿಕ್ಕೆ ಹೋದವರು ಏನಾದರೂ ಕೇಳ್ತಾರಾ?"

"ಕೇಳುವುದಿಲ್ಲ. ನೀರು ಸಹ ಕುಡಿಯುವುದಿಲ್ಲ. ಆದ್ರೆ ನಿಮ್ಮ ಮರ್ಯಾದೆಗೆ ನನ್ನ ಗಂಡ ಆರು ವರ್ಷ ಜೈಲಲ್ಲಿ ಕೂತ್ಕೊಳ್ಬೇಕಾ? ನೀವು ಹೆಂಡತಿಯನ್ನು ಕಳ್ಕೊಂಡವರು. ನಿಮಗೆ ಗೊತ್ತಾಗುವುದಿಲ್ವಾ?"

ಹತ್ವಾರರು ಲೇಖನಿ ಎತ್ತಿದರು. ಒಂದು ಸಾಲು ಬರೆದರೆ ಏಳು ಮನೆಗಳು ಉಳಿಯಬಹುದು. ಆದರೆ ಬರೆದ ಕ್ಷಣವೇ ಆ ಅಮ್ಮನ ಊಟ ಒಂದು ಅರ್ಜಿಯ ಪೀಠಿಕೆಯಾಗಿಬಿಡುತ್ತದೆ. ಅವರು ಕಣ್ಣು ಮುಚ್ಚಿ ದೇವರನ್ನು ನೆನೆದರು. ಆಮೇಲೆ ಲೇಖನಿಯನ್ನು ಕೆಳಗಿಟ್ಟರು.

ಕುಸುಮಾ ಎದ್ದು ಹೋದಳು. ಬಾಗಿಲು ದಾಟುವಾಗ ತಿರುಗಿ ನೋಡಲಿಲ್ಲ.

ಪತ್ರ ಹೋಗಿ ಹತ್ತು ದಿನ ಕಳೆಯಿತು, ಇಪ್ಪತ್ತು ದಿನ ಕಳೆಯಿತು. ಹತ್ವಾರರು ದೇವರ ಮುಂದೆ ಕುಳಿತಾಗಲೆಲ್ಲ ತಾವು ಮಾಡಿದ್ದು ಧರ್ಮವೋ ಹಟವೋ ತಿಳಿಯದೆ ತಳಮಳಿಸಿದರು. ಹಳೆಯ ಕಾಲವಾಗಿದ್ದರೆ ಅಂಬುಜಾಕ್ಷಿಯನ್ನು ಕೇಳಬಹುದಿತ್ತು. ಅವಳು ಒಗ್ಗರಣೆ ಹಾಕುತ್ತಲೇ ಒಂದು ಮಾತಿನಲ್ಲಿ ಹೇಳಿಬಿಡುತ್ತಿದ್ದಳು.

ಇಪ್ಪತ್ತಾರನೆಯ ದಿನ ಮಧ್ಯಾಹ್ನ ಮೀನಿನ ದೋಣಿಗಳು ನಿಲ್ಲುವ ಧಕ್ಕೆಯಿಂದ ಕಚೇರಿಗೆ ಗದ್ದಲ ಕೇಳಿಸಿತು. ಕೆರಿಮಾದ ಬಾವುಟವಿದ್ದ ಚಿಕ್ಕ ಹಡಗೊಂದು ದಡಕ್ಕೆ ಬರುತ್ತಿತ್ತು. ಚುಕ್ಕಾಣಿಯಲ್ಲಿ ನಿಂತಿದ್ದವನು ದಾಮೋದರ. ಹಗ್ಗ ಎಸೆದವರು, ಲಂಗರು ಇಳಿಸಿದವರು ಮಲ್ಪೆಯ ಆ ಆರು ಮಂದಿಯೇ. ನಡುವೆ ಬಿಳಿಯ ಶೋಕವಸ್ತ್ರ ಉಟ್ಟ, ನರೆತ ಕೂದಲಿನ ಒಬ್ಬ ಹಿರಿಯರು ಕೈಮುಗಿದು ನಿಂತಿದ್ದರು.

ತೋಮೆ ಸಲಾನ ಇಂಗ್ಲಿಷಿನಲ್ಲಿ ವಿವರಿಸಿದರು. ಅವರ ದೇಶದಲ್ಲಿ ತಾಯಿ ಸತ್ತ ಮಗನಿಗೆ ಒಂದು ತಿಂಗಳ ಶೋಕಯಾತ್ರೆಯ ಹಕ್ಕಿದೆ. ತಮ್ಮ ಮನೆಯಲ್ಲೂ ಸಾವಾಗಿರುವವರು ಸಂತಾಪ ಹೇಳಿ ಕಳುಹಿಸಿದರೆ, ಸ್ವತಃ ಅವರ ಮನೆಗೆ ಹೋಗಿ ಬರಬೇಕು. ಈ ಯಾತ್ರೆ ರಾಜ್ಯ ವ್ಯವಹಾರವಲ್ಲ, ಆದ್ದರಿಂದ ಅಲ್ಲಿನ ಯಂತ್ರ ಅದನ್ನು ನೋಡುವುದಿಲ್ಲ. ಹಡಗಿಗೆ ಯಾರನ್ನು ಬೇಕಾದರೂ ಕರೆದುಕೊಳ್ಳಬಹುದು, ಸೆರೆಯಲ್ಲಿರುವವರನ್ನೂ ಸಹ.

"ನಿಮ್ಮ ಕರಾವಳಿಯ ದಾರಿ ನನಗೆ ಗೊತ್ತಿರಲಿಲ್ಲ," ಎಂದರು ಅವರು. "ಗೊತ್ತಿದ್ದವರು ಏಳು ಮಂದಿ ನಮ್ಮಲ್ಲಿದ್ದರು. ಹಿಂದಿರುಗುವಾಗ ನಮ್ಮ ನಾವಿಕರು ಸಾಕು."

ಕುಸುಮಾ ಮಲ್ಪೆಯಿಂದ ಓಡಿಬಂದಾಗ ಸಂಜೆಯಾಗಿತ್ತು. ಗಂಡನ ಬಡಕಲಾದ ತೋಳನ್ನು ಹಿಡಿದು, "ಎಷ್ಟು ಸಪೂರ ಆಗಿದ್ದೀರಿ!" ಎಂದು ಬೈದಳು, ಅತ್ತಳು, ಮತ್ತೆ ಬೈದಳು. ಹತ್ವಾರರ ಮುಖ ನೋಡಲು ಅವಳಿಗೆ ಆಗಲಿಲ್ಲ. ಅವರೇ ಹತ್ತಿರ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟರು.

ಕಚೇರಿಯಲ್ಲಿ ಯಂತ್ರ ಆ ದಿನದ ವರದಿ ಮುದ್ರಿಸಿತ್ತು. ಕೆರಿಮಾ: ಯಾವ ಚಟುವಟಿಕೆಯೂ ಇಲ್ಲ. ಹುಯಿಲಗೋಳರು ಅದನ್ನು ಹತ್ವಾರರಿಗೆ ತೋರಿಸಿದರು.

"ನಡೆದದ್ದನ್ನು ಅದಕ್ಕೆ ತಿಳಿಸುವುದಿಲ್ಲವೇ?" ಹತ್ವಾರರು ಕೇಳಿದರು.

"ಬ್ಯಾಡ್ರಿ ಹಿರ್ಯಾರ. ಲಾಭ ಆತು ಅಂತ ಇದಕ್ಕ ಗೊತ್ತಾದ್ರ, ನಾಳಿಂದ ಜಗತ್ತಿನ ಎಲ್ಲಾ ಹೆಣಕ್ಕೂ ಅಳಾಕ ಶುರು ಮಾಡ್ತದ. ಆಮ್ಯಾಲ ನಿಮ್ಮ ಪತ್ರಾನೂ ಯಾರೂ ನಂಬೂದಿಲ್ಲ." ಅವರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ತಾವು ನಿರ್ಮಿಸಿದ ಯಂತ್ರದಿಂದ ಅವರು ಮುಚ್ಚಿಟ್ಟ ಮೊದಲ ಸಂಗತಿ ಇದು.

ಮರುದಿನ ಬೆಳಿಗ್ಗೆ ಸಲಾನ ಹತ್ವಾರರ ಮನೆಗೆ ಹೋದರು. ಅಂಬುಜಾಕ್ಷಿಯ ಪಟದ ಮುಂದೆ ನೆಲದ ಮೇಲೆಯೇ ಕುಳಿತರು. ಸಲಾನ ತಾಯಿಯ ಹೆಸರು ಹೇಳಿದರು, ಹತ್ವಾರರು ಹೆಂಡತಿಯ ಹೆಸರು ಹೇಳಿದರು. ಹೆಂಡತಿ ಹೋದಂದಿನಿಂದ ಬಾರದಿದ್ದ ಅಳು ಹತ್ವಾರರಿಗೆ ಆಗ ಬಂದಿತು. ಸಲಾನ ಅವರ ಕೈ ಹಿಡಿದುಕೊಂಡರು.

ಏಳುವಾಗ ಸಲಾನ, ಪ್ರಯಾಣದಲ್ಲಿ ನಾವಿಕರಿಂದ ಕಲಿತ ಕನ್ನಡವನ್ನು ನೆನಪು ಮಾಡಿಕೊಂಡು, ನಿಧಾನವಾಗಿ, "ಹೋಗಿ ಬರ್ತೇನೆ" ಎಂದರು.

ದಾರಿ ತೋರಿಸಲು ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ ದಾಮೋದರ ಗಾಬರಿಯಾದ. ದುಃಖದ ಮನೆಯಿಂದ ಹೊರಡುವವರು ನಮ್ಮಲ್ಲಿ ಹಾಗೆ ಹೇಳುವುದಿಲ್ಲ. ಮಾತಿಲ್ಲದೆ ಎದ್ದು ಹೋಗುತ್ತಾರೆ. ಅಂಥ ಕಾರಣಕ್ಕೆ ಮತ್ತೆ ಬರುವಂತಾಗಬಾರದೆಂಬ ಭಯ. "ಅಯ್ಯೋ, ನಾನು ಹೇಳಿಕೊಡುವಾಗ ಇದೊಂದು ಹೇಳ್ಲಿಕ್ಕೆ ಮರೆತೆ. ತಪ್ಪಾಯ್ತು ಹತ್ವಾರ್ರೆ," ಎಂದ.

ಹತ್ವಾರರು ಕಣ್ಣೊರೆಸಿಕೊಂಡು ಮೆಟ್ಟಿಲಿನವರೆಗೂ ಇಳಿದು ಬಂದರು.

"ಇರ್ಲಿ ದಾಮೋದರ. ಅವರು ಹೇಳಿದ್ದೇ ಸರಿ," ಎಂದರು. ಆಮೇಲೆ ಸಲಾನರ ಕಡೆಗೆ ತಿರುಗಿ, ಅವರಿಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳಿದರು:

"ಬನ್ನಿ. ಮಕ್ಕಳನ್ನೂ ಕರ್ಕೊಂಡು ಬನ್ನಿ."