ಆ ಮೊಣಕಾಲು ನಂದು

ರಾಧಿಕಾಳ ವಿಡಿಯೋವನ್ನು ಒಂದೇ ವಾರದಲ್ಲಿ ಎರಡು ಲಕ್ಷ ಜನ ನೋಡಿದ್ದರು. ಹೊಸ ವೆಬ್ ಸೀರೀಸ್‌ನ ಸೂಪರ್‌ಹೀರೋ ಹತ್ತನೇ ಮಹಡಿಯಿಂದ ಹಾರಿ, ಒಂದು ಮೊಣಕಾಲೂರಿ ಇಳಿದು, ಕೂದಲು ಸರಿಮಾಡಿಕೊಂಡು ಎದ್ದು ನಡೆಯುತ್ತಾನೆ. ಮುಂಬೈನ ಅಂಧೇರಿಯ ಕ್ಲಿನಿಕ್ಕೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ ರಾಧಿಕಾ ತನ್ನ ವಿಡಿಯೋದಲ್ಲಿ ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನಕ್ಕಿದ್ದಳು. "ಮೊಣಕಾಲು ಪುಡಿಪುಡಿ ಆಗಬೇಕಿತ್ತು. ನಮ್ಮನ್ನೇನು ದಡ್ಡರು ಅಂದ್ಕೊಂಡಾರ?"

ಸೋಮವಾರ ಮಧ್ಯಾಹ್ನ ಒಬ್ಬ ಕುಂಟುತ್ತ ಬಂದು ಅವಳ ಮುಂದೆ ಕುಳಿತ. ಮೂವತ್ತರ ಆಸುಪಾಸು, ಗಲ್ಲದ ಮೇಲೆ ಹಳೆಯ ಹೊಲಿಗೆಯ ಗುರುತು. ಫಾರ್ಮಿನಲ್ಲಿ ಹೆಸರು ಗುರುಬಸವ, ಊರು ವಿಜಯಪುರ.

"ನಮ್ಮ ಕಡೆಯವರ ಅದೀರಿ," ರಾಧಿಕಾ ಬೆಳಗಾವಿಯ ಮಾತಿಗೆ ಇಳಿದಳು. "ಏನಾಗೇತಿ?"

"ನಿಮ್ಮ ವಿಡಿಯೋದಾಗ ನೋಡೀರಲ್ರಿ. ಆ ಮೊಣಕಾಲು ನಂದು."

ಮುಖ ಹೀರೋನದು; ಬೀಳುವ ಮೈ ಇವನದು. ಸೊಂಟಕ್ಕೆ ವಯರ್ ಕಟ್ಟಿಕೊಂಡು ಇಪ್ಪತ್ತು ಅಡಿಯಿಂದ ಹದಿನಾರು ಸಲ ಬಿದ್ದಿದ್ದ.

"ಹಂಗಾರ ನಾ ಹೇಳಿದ್ದು ಖರೇನ ಆತಲ್ಲ," ಅಂದುಬಿಟ್ಟಳು.

"ಖರೆ ಬೇಕಂದ್ರ ಮಂದಿ ಇದನ್ಯಾಕ ನೋಡ್ತಾರ್ರಿ? ದಿನಾ ಲೋಕಲ್‌ದಾಗ ಜೋತುಬಿದ್ದು ಬರೋರಿಗೆ ಯಾರರೆ ಒಬ್ಬವ ಬಿದ್ದು ಎದ್ದು ನಿಂತ್ರ ಸಾಕು. ಅದಕ್ಕೂ ನಗ್ತೀರಿ."

"ಅವಗ ನೋವಾಗೋದು ತೋರಸ್ರಿ, ನಂಬತೀನಿ."

"ನೋವು ತೋರಿಸಿದ್ರ ನನ್ನ ಮನಿಗೆ ಕಳಸ್ತಾರ."

ಅವಳು ಅವನ ಮೊಣಕಾಲನ್ನು ಬೇಕಂತಲೇ ತುಸು ಜೋರಾಗಿ ಮಡಿಸಿದಳು. ಅವನು ಹಲ್ಲು ಕಚ್ಚಿ ಅವಳನ್ನೇ ದಿಟ್ಟಿಸಿದ. ಮೊದಲು ಕಣ್ಣಿಳಿಸಿದವಳು ಅವಳೇ.

ಆರು ವಾರ ಜಗಳದಲ್ಲೇ ಹೋಯಿತು.

"ಅಷ್ಟು ಬಿಗಿ ಅಂಗಿಯೊಳಗ ನಿಮ್ಮ ಹೀರೋ ಮೊಬೈಲ್ ಎಲ್ಲಿಡ್ತಾನ?"

"ನಿಮ್ಮ ಸೀರಿಯಲ್‌ದಾಗ ಅತ್ತಿ ಮಲಗುವಾಗೂ ಮೈತುಂಬ ಬಂಗಾರ ಹಾಕ್ಕೋತಾಳ. ಅದನ್ನ ನಂಬತೀರಿ!"

ಪ್ರತಿ ಬುಧವಾರದ ವ್ಯಾಯಾಮಕ್ಕೆ ಅವನು ಹತ್ತು ನಿಮಿಷ ತಡಮಾಡಿದರೆ ಅವಳು ಎರಡು ಸಲ ಬಾಗಿಲವರೆಗೆ ಹೋಗಿ ಬರುತ್ತಿದ್ದಳು. ಬಂದೊಡನೆ ಬೈಯುತ್ತಿದ್ದಳು.

ಏಳನೇ ವಾರ ಅವನು ಒಂದು ಕಾಗದ ತಂದ. "ಎರಡನೇ ಸೀಸನ್ ಶುರು ಆಗೇತಿ. ಫಿಟ್ ಅದಾನ ಅಂತ ಸಹಿ ಮಾಡ್ರಿ."

"ಮಾಡಂಗಿಲ್ಲ. ಲಿಗಮೆಂಟ್ ಇನ್ನ ಕೂಡಿಲ್ಲ. ಇನ್ನೊಮ್ಮೆ ಬಿದ್ರ ಜನ್ಮಪೂರ್ತಿ ಕೋಲು ಹಿಡೀಬೇಕು."

"ಇದು ನಿಮ್ಮ ವಿಡಿಯೋ ಅಲ್ರಿ, ನನ್ನ ಹೊಟ್ಟಿ!"

ಕಾಗದ ಕಿತ್ತುಕೊಂಡು ಹೋದ. ಬೇರೆ ಯಾರಿಂದಲೋ ಸಹಿ ಹಾಕಿಸಿಕೊಂಡನೆಂದು ತಿಳಿದ ದಿನ ರಾಧಿಕಾ ರಜೆ ಹಾಕಿ, ರಿಕ್ಷಾ ಹಿಡಿದು ಶೂಟಿಂಗ್ ನಡೆಯುತ್ತಿದ್ದ ಸ್ಟುಡಿಯೋಗೆ ಹೋದಳು. ರೋಗಿಯ ರಿಪೋರ್ಟನ್ನು ಮತ್ತೊಬ್ಬರಿಗೆ ತೋರಿಸುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೂ ಸ್ಟಂಟ್ ಮಾಸ್ಟರ್ ಶೆಟ್ಟೆಪ್ಪನ ಮುಂದೆ ಅದನ್ನು ಬಿಚ್ಚಿಟ್ಟಳು. ಮಾಸ್ಟರ್ ಎದ್ದು ಹೋಗಿ, ಇಡೀ ಯೂನಿಟ್ ಎದುರು ಗುರುಬಸವನ ಸೊಂಟದ ವಯರ್ ಬಿಚ್ಚಿಸಿದ.

ಗೇಟಿನ ಹತ್ತಿರ ಗುರುಬಸವ ಅವಳನ್ನು ಅಡ್ಡಗಟ್ಟಿದ. ಮೈಮೇಲೆ ಇನ್ನೂ ಹೀರೋನ ವೇಷವಿತ್ತು.

"ಯಾರು ಕೊಟ್ರು ನಿಮಗ ಈ ಅಧಿಕಾರ? ನನ್ನ ರಿಪೋರ್ಟ್, ನನ್ನ ಕೆಲಸ!"

"ಯಾರೂ ಕೊಟ್ಟಿಲ್ಲ. ಕಂಪ್ಲೇಂಟ್ ಮಾಡು, ನನ್ನ ಕೆಲಸ ಹೋಗಲಿ. ನೀ ಬೀಳೋದನ್ನ ಮಾತ್ರ ನನ್ನ ಕಡಿಂದ ನೋಡಾಕ ಆಗಂಗಿಲ್ಲ."

'ನೀ' ಅಂದದ್ದು ಇಬ್ಬರಿಗೂ ಕೇಳಿಸಿತು. ಅವಳ ಕಿವಿ ಕೆಂಪಾಯಿತು.

"ಆ ವ್ಯಾಯಾಮ ನಾ ಎಂಟು ದಿನದಾಗ ಕಲ್ತಿದ್ದೆ," ಅಂದ, ದನಿ ಇನ್ನೂ ಒರಟೇ. "ಆಮ್ಯಾಲೆ ಸುಮ್ನ ಬರ್ತಿದ್ದೆ. ನಿಮ್ಮ ಬೈಗುಳ ಕೇಳಾಕ. ಆದ್ರ ಇವತ್ತಿಂದು ಕ್ಷಮಿಸಂಗಿಲ್ಲ."

"ಬ್ಯಾಡ."

ಎರಡು ತಿಂಗಳು ಅವನು ಅವಳ ಒಂದು ಮೆಸೇಜಿಗೂ ಉತ್ತರಿಸಲಿಲ್ಲ. ಅವಳು ಬೊರಿವಲಿಯ ತನ್ನ ಮನೆಯಲ್ಲಿ ಅಪ್ಪನ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಒಂದು ಗುರುವಾರ, ಕ್ಲಿನಿಕ್ಕಿನಲ್ಲಿ ಊಟಕ್ಕೆ ಕೂತಾಗ, ಫೋನ್ ಮಿಣುಕಿತು.

"ಮಾಸ್ಟರ್ ನನಗ ಬೀಳೋರ ಹಗ್ಗ ಹಿಡಿಯೋ ಕೆಲಸ ಕೊಟ್ಟಾರ. ಭಾನುವಾರ ನಿಮ್ಮ ಅಪ್ಪಾರ ಹತ್ರ ನಿಮ್ಮನ್ನ ಕೇಳಾಕ ಬರ್ತೀನಿ. ಸಿಟ್ಟು ಇನ್ನ ಇಳಿದಿಲ್ಲ."

ರಾಧಿಕಾ ಎಂಜಲುಗೈಯಲ್ಲೇ ಬರೆದಳು:

"ಸಿಟ್ಟು ತಗೊಂಡ ಬಾ."