ಹೆಪ್ಪು ಹೊತ್ತ ಸೈಕಲ್ಲು

ಬಹಳ ಹಿಂದೆ, ಕುದುರೆಗಳೆಲ್ಲ ಇನ್ನೂ ಕಾಡಿನಲ್ಲೇ ಮೇಯುತ್ತಿದ್ದು ಸೈಕಲ್ಲುಗಳು ಮಾತ್ರ ಊರಿಗೆ ಬಂದಿದ್ದ ಕಾಲದಲ್ಲಿ, ಎರಡು ಕಡಲುಗಳ ನಡುವೆ ಒಂದು ರಾಜ್ಯವಿತ್ತು. ಅಲ್ಲಿ ರಾಜ ಮೆರವಣಿಗೆ ಹೋಗುತ್ತಿದ್ದುದೂ ಸೈಕಲ್ಲಿನ ಮೇಲೆ, ಕಳ್ಳ ಓಡಿಹೋಗುತ್ತಿದ್ದುದೂ ಸೈಕಲ್ಲಿನ ಮೇಲೆ. ಆ ರಾಜ್ಯದ ಮೂಡಣ ತುದಿಯಲ್ಲಿ, ಕಡಲಿಗೆ ಅಡ್ಡಲಾಗಿ ದೊಡ್ಡ ಗೋಡೆ ಕಟ್ಟಿಕೊಂಡು, ಮೂಡಲಪಟ್ಟಣ ಎಂಬ ಊರು ಸುಖವಾಗಿತ್ತು.

ಸುಖವಾಗಿದ್ದ ಊರಿಗೆ ಕಣ್ಣು ಬಿತ್ತು. ಅಳ್ಳಕಯ್ಯನೆಂಬ ಮಾಂತ್ರಿಕ ಒಂದು ಬೆಳಗ್ಗೆ ಆ ಗೋಡೆಯ ಮೇಲೆ ನಿಂತು, "ಈ ಊರಲ್ಲಿ ಇನ್ನು ಯಾವುದೂ ಗಟ್ಟಿಯಾಗದಿರಲಿ!" ಎಂದು ಶಾಪ ಹಾಕಿದ. ಅಂದಿನಿಂದ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲಿಲ್ಲ. ಪಾಕ ಕಾಯಿಸಿದರೆ ಬೆಲ್ಲವಾಗಲಿಲ್ಲ. ಗೋಡೆಯ ಬಿರುಕಿಗೆ ಗಾರೆ ಮೆತ್ತಿದರೆ ಗಂಜಿಯ ಹಾಗೆ ಇಳಿದುಹೋಯಿತು. ಕಲ್ಲುಗಳು ಒಂದೊಂದಾಗಿ ಕಳಚಿ ಕಡಲಿಗೆ ಬೀಳತೊಡಗಿದವು.

ಜನ ಕೈಮುಗಿದು ಅತ್ತಾಗ ಮಾಂತ್ರಿಕ ಹೇಳಿದ: "ಪಡುವಣ ಕಡಲಿನ ತೀರದಿಂದ ಯಾರಾದರೂ ಒಬ್ಬರೇ, ತಮ್ಮ ಕಾಲಿನ ಬಲದಿಂದಲೇ, ಹೆಪ್ಪು ಕೆಡದಂತೆ ತರಲಿ. ದೊಡ್ಡ ಅಮಾವಾಸ್ಯೆಯ ದಿನ ದೀಪ ಹಚ್ಚುವ ಮುನ್ನ ಅದನ್ನು ಇಲ್ಲಿಯ ಹಾಲಿಗೆ ಹಾಕಲಿ. ಶಾಪ ಬಿಡುತ್ತದೆ. ಅಂದು ಅದಕ್ಕೂ ಮೊದಲು ದಾರಿಯಲ್ಲಾಗಲಿ ಊರಲ್ಲಾಗಲಿ ಒಂದೇ ಒಂದು ದೀಪ ಹತ್ತಿದರೂ, ರಾತ್ರಿಯ ಉಬ್ಬರ ನಿಮ್ಮ ಊರನ್ನು ಎಳೆದುಕೊಂಡು ಹೋಗುತ್ತದೆ."

ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಹೊರಗೆ ಕೊಡಬಾರದು ಎಂಬುದು ಆ ರಾಜ್ಯದ ಕಟ್ಟುನಿಟ್ಟಿನ ರೂಢಿ. ಹಾಗಾಗಿ ಮಾಂತ್ರಿಕನ ಮಾತು ಯಾರಿಗೂ ವಿಚಿತ್ರವೆನಿಸಲಿಲ್ಲ. ಇವನಿಗೆ ಹೆಪ್ಪಿನ ಮೇಲೇಕೆ ಇಷ್ಟು ಸಿಟ್ಟು ಎಂದು ಯಾರೂ ಕೇಳಲೂ ಇಲ್ಲ. ಕೇಳಬೇಕಿತ್ತು.

ಮೊದಲು ರಾಜಕುಮಾರ ಹೊರಟ. ಬೆಳ್ಳಿಯ ಸೈಕಲ್ಲು, ಚಿನ್ನದ ಗಂಟೆ, ರೇಷ್ಮೆಯ ಸೀಟು. ಆದರೆ ಹೆಪ್ಪಿಗೆ ಜೀವವಿದೆ. ದಿನಾ ಸಂಜೆ ಅದಕ್ಕೆ ಹೊಸ ಹಾಲು ಬೇಕು. ಯಾರದೋ ಬಾಗಿಲಲ್ಲಿ ನಿಂತು "ಅಮ್ಮಾ, ಒಂದು ಲೋಟ ಹಾಲು" ಎನ್ನಲು ರಾಜಕುಮಾರನಿಗೆ ನಾಲಗೆ ಏಳಲಿಲ್ಲ. ಹೆಪ್ಪು ಹುಳಿಯಾಯಿತು, ಬೂಷ್ಟು ಹಿಡಿಯಿತು, ರಾಜಕುಮಾರ ಅರಮನೆಗೆ ಮರಳಿ ಕಾಲಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದ.

ಆಮೇಲೆ ಹೊರಟವಳು ಹೂವಿ, ಪಡುವಣ ತೀರದಲ್ಲಿ ಸೈಕಲ್ ಪಂಕ್ಚರ್ ಹಾಕುವವನ ಮಗಳು. ಅವಳ ಅಕ್ಕ ಸಾಕಮ್ಮನನ್ನು ಮೂಡಲಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟಿದ್ದರು, ಅದೂ ಕಡಲ ಗೋಡೆಗೆ ಅಂಟಿದ ಕೊನೆಯ ಮನೆಗೆ. ಗೋಡೆ ಬಿದ್ದರೆ ಮೊದಲು ಹೋಗುವುದು ಆ ಮನೆಯೇ. ಹೂವಿಗೆ ರಾಜ್ಯದ ಚಿಂತೆ ಅಷ್ಟಾಗಿ ಇರಲಿಲ್ಲ, ಅಕ್ಕನ ಚಿಂತೆ ಇತ್ತು. ಹ್ಯಾಂಡಲಿಗೆ ಹೆಪ್ಪಿನ ಮಣ್ಣಿನ ಕುಡಿಕೆ ಕಟ್ಟಿಕೊಂಡು ಹೊರಟೇಬಿಟ್ಟಳು. ಸಂಜೆಯಾದರೆ ಸಿಕ್ಕ ಮನೆಯ ಮುಂದೆ ಇಳಿದು ಹಾಲು ಕೇಳುವಳು. ಬೆಳಗ್ಗೆ ಮೊಸರಿನಲ್ಲಿ ಅರ್ಧ ಆ ಮನೆಗೆ ಕೊಟ್ಟು, ಅರ್ಧ ಕುಡಿಕೆಗೆ ತುಂಬಿಕೊಂಡು ಮುಂದೆ ಹೋಗುವಳು. ಹೀಗೆ ಬಯಲು ದಾಟಿ, ಹೊಳೆ ದಾಟಿ, ದೊಡ್ಡ ಅಮಾವಾಸ್ಯೆಯ ಬೆಳಗ್ಗೆ ಕೊನೆಯ ದಿನದ ದಾರಿಗೆ ಬಂದಳು.

ಹಿಂದಿನ ಸಂಜೆ ಹಾಲು ಕೊಟ್ಟವಳು ಕುರಿ ಕಾಯುವ ಒಬ್ಬ ಅಜ್ಜಿ. ಬೆಳಗ್ಗೆ ಬಿಸಿ ರೊಟ್ಟಿ ತಟ್ಟಿ ಮುಂದಿಟ್ಟಳು.

"ಶಾಪ ಬಿದ್ದಾಗಿಂದ ಇವತ್ತಿನ ದಾರೀಲಿ ಮೂರು ಕಂಟಕ ಐತೆ ಮಗಾ" ಎಂದಳು ಅಜ್ಜಿ. "ಒಂದು ಬೆಳೆಯೋ ಗುಡ್ಡ. ಇನ್ನೊಂದು ಅಟ್ಟಿಸ್ಕೊಂಡು ಬರೋ ನಾಯಿ. ಮೂರನೇದು ಏನಂತ ನಂಗೂ ಗೊತ್ತಿಲ್ಲ. ಅಲ್ಲೀಗಂಟ ಹೋದೋರೇ ಇಲ್ಲ."

"ಹಂಗಾದ್ರೆ ನಾನೇ ನೋಡ್ಕೊಂಡು ಬಂದು ಹೇಳ್ತೀನಿ ಬಿಡಜ್ಜಿ."

"ಹೇಳೀಯಂತೆ. ಮೊದಲು ಇನ್ನೊಂದು ರೊಟ್ಟಿ ತಿನ್ನು. ಖಾಲಿ ಹೊಟ್ಟೇಲಿ ರಾಕ್ಷಸನ್ನ ಗೆಲ್ಲಬಹುದು, ಏರು ಗೆಲ್ಲೋಕಾಗಲ್ಲ."

ಉಳಿದ ರೊಟ್ಟಿಗಳನ್ನು ಅಜ್ಜಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಹೂವಿ ಪೆಡಲು ತುಳಿದಳು. ಇಬ್ಬನಿಯ ದಾರಿ, ತಂಪು ಗಾಳಿ, ಎಣ್ಣೆ ಬಿಟ್ಟ ಚೈನು. ಒಬ್ಬಳೇ ಇದ್ದುದರಿಂದ ಗಂಟಲು ಬಿಟ್ಟು ಹಾಡಿದಳು. ಅವಳಿಗೆ ಹಾಡಲು ಬರುತ್ತಿರಲಿಲ್ಲ, ಆದರೂ ಖುಷಿಯಾಗಿತ್ತು.

ಮೊದಲು ಸಿಕ್ಕಿದ್ದು ಬೆಳೆಯುವ ಗುಡ್ಡ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ಇದು ದೂರದಿಂದಲೂ ನುಣ್ಣಗಿರಲಿಲ್ಲ. ಹೂವಿ ತುದಿಯನ್ನು ಒಮ್ಮೆ ನೋಡಿದಳು, ಗುಡ್ಡ ಒಂದಾಳೆತ್ತರ ಬೆಳೆಯಿತು. ಇನ್ನೊಮ್ಮೆ ನೋಡಿದಳು, ಇನ್ನೊಂದಾಳು ಬೆಳೆಯಿತು.

"ತಲೆ ಎತ್ತಿ ನೋಡು, ನಾನೆಷ್ಟು ಎತ್ತರ!" ಎಂದಿತು ಗುಡ್ಡ.

"ನಿನ್ನ ಎತ್ತರ ಕಟ್ಕೊಂಡು ನನಗೇನಾಗಬೇಕು?" ಎಂದಳು ಹೂವಿ. "ನಾನು ನನ್ನ ಚಕ್ರ ನೋಡ್ಕೊಂಡು ಹೋಗ್ತೀನಿ."

ಮುಂದಿನ ಚಕ್ರದ ಮೇಲೇ ಕಣ್ಣಿಟ್ಟು, ಉಸ್ಸಪ್ಪಾ ಎನ್ನುತ್ತ ತುಳಿದಳು. ದಾರಿಯಲ್ಲಿ ಒಂದು ಇರುವೆ ಸಾಲು ಕಂಡಿತು, ಒಂದು ಹಳದಿ ಹೂ ಕಂಡಿತು, ಗುಡ್ಡ ಮಾತ್ರ ಕಾಣಲಿಲ್ಲ. ನೋಡುವವರಿಲ್ಲದೆ ಗುಡ್ಡಕ್ಕೆ ಬೆಳೆಯುವ ಉಮೇದು ಹೋಯಿತು. ಹೂವಿ ಬೆವರು ಒರೆಸಿಕೊಂಡು ತುದಿಗೆ ಬಂದು ನಿಂತಳು.

"ಇಲ್ಲಿವರೆಗೆ ಬಂದವಳು ನೀನೊಬ್ಬಳೇ" ಎಂದು ಗುಡ್ಡ ಸಣ್ಣ ದನಿಯಲ್ಲಿ ಹೇಳಿತು. "ನೆತ್ತಿ ಸುಡ್ತದೆ ತಾಯಿ. ಕೇಳೋರಿಲ್ಲ."

ಹೂವಿ ಕುಡಿಕೆಯಿಂದ ಒಂದು ಚಮಚ ಮೊಸರು ತೆಗೆದು ಗುಡ್ಡದ ನೆತ್ತಿಗೆ ತಟ್ಟಿದಳು. "ಹಾ!" ಎಂದಿತು ಗುಡ್ಡ. ಆಮೇಲೆ ಇಳಿಜಾರು ಶುರುವಾಯಿತು. ಪೆಡಲು ತುಳಿಯುವುದೇ ಬೇಡ, ಕೂದಲು ಹಿಂದಕ್ಕೆ, ಸೆರಗು ಹಿಂದಕ್ಕೆ, ಕೇಕೆ ಮಾತ್ರ ಮುಂದಕ್ಕೆ! ಏರಿದ ದುಃಖವೆಲ್ಲ ಇಳಿಯುವಾಗ ಮರೆತೇಹೋಯಿತು.

ಎರಡನೆಯದು ನಾಯಿ. ಆನೆಯಷ್ಟು ದೊಡ್ಡದು, ತಿರುಗುವ ಚಕ್ರ ಕಂಡರೆ ಬಿಡುತ್ತಿರಲಿಲ್ಲ. ಹೊಲದಿಂದ ಹಾರಿ ಬಂದು, ನೆಲ ನಡುಗುವಂತೆ ಬೊಗಳುತ್ತ ಬೆನ್ನು ಹತ್ತಿತು. ಹೂವಿ ತುಳಿದಷ್ಟೂ ನಾಯಿ ಓಡಿತು. ಅದರ ಬಿಸಿಯುಸಿರು ಬೆನ್ನಿಗೆ ತಾಗಿದಾಗ ಅವಳ ಜೀವ ಬಾಯಿಗೆ ಬಂತು. ಆಗ ಅಪ್ಪ ಹೇಳಿದ್ದು ನೆನಪಾಯಿತು: ನಾಯಿಗೆ ಸಿಟ್ಟು ನಿನ್ನ ಮೇಲಲ್ಲ, ಚಕ್ರದ ಮೇಲೆ. ಗಕ್ಕನೆ ಬ್ರೇಕು ಹಿಡಿದು, ಇಳಿದು, ಸ್ಟ್ಯಾಂಡು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

ನಾಯಿಯೂ ನಿಂತಿತು. ಆ ಕಡೆ ಈ ಕಡೆ ನೋಡಿತು.

"ಈಗ ನಾನೇನು ಮಾಡಬೇಕು?" ಎಂದು ಕೇಳಿತು.

"ನನ್ನ ಕೇಳಿದ್ರೆ? ಬೇರೆಯವರು ಸಿಕ್ಕಾಗ ಏನ್ ಮಾಡ್ತಿದ್ದೆ?"

"ಇಲ್ಲೀತನಕ ಯಾರೂ ಸಿಕ್ಕೇ ಇಲ್ಲ" ಎಂದು ನಾಯಿ ನಾಚಿಕೊಂಡಿತು.

ಇಬ್ಬರೂ ಹೊಂಗೆ ಮರದ ನೆರಳಲ್ಲಿ ಕೂತು ಅಜ್ಜಿಯ ರೊಟ್ಟಿಗೆ ಮೊಸರು ಹಚ್ಚಿಕೊಂಡು ತಿಂದರು. ನಾಯಿ ಬಾಲ ಅಲ್ಲಾಡಿಸಿದ ರಭಸಕ್ಕೆ ದಾರಿಯೆಲ್ಲ ಧೂಳೆದ್ದಿತು. ಹೂವಿ ಕುಡಿಕೆಯೊಳಗೆ ಇಣುಕಿದಳು. ತಳದಲ್ಲಿ ಒಂದೇ ಚಮಚ ಮೊಸರು ಉಳಿದಿತ್ತು. ಹೆಪ್ಪಿಗೆ ಅಷ್ಟೇ ಸಾಕು ಎಂದು ಮತ್ತೆ ಸೈಕಲ್ಲು ಹತ್ತಿದಳು.

ಕಡಲಿನ ಉಪ್ಪು ಗಾಳಿ ಮೂಗಿಗೆ ಬಡಿಯಿತು. ಹೊತ್ತು ನೆತ್ತಿಯಿಂದ ಸ್ವಲ್ಪವೇ ವಾಲಿತ್ತು. "ಇನ್ನೇನು, ಅಕ್ಕನ ಮನೇಲೇ ಕಾಫಿ" ಎಂದುಕೊಂಡಳು. ಅವಳು ಬರುವುದನ್ನು ಗೋಡೆಯ ಮೇಲಿಂದ ಕಂಡು ಅಳ್ಳಕಯ್ಯನಿಗೆ ಹೊಟ್ಟೆ ಉರಿಯಿತು. ತನ್ನ ಕರಿ ಕಂಬಳಿಯನ್ನು ಕೊಡವಿ ಸೂರ್ಯನ ಮೇಲೆ ಎಸೆದ. ನಡುಹಗಲಲ್ಲಿ ಕಗ್ಗತ್ತಲಾಯಿತು. ಇದೇ ಮೂರನೆಯ ಕಂಟಕ.

ಹೂವಿಗೆ ಹ್ಯಾಂಡಲೇ ಕಾಣಲಿಲ್ಲ. ಸೈಕಲ್ಲಿಗೆ ಡೈನಮೋ ದೀಪವಿತ್ತು. ಚಕ್ರಕ್ಕೆ ತಾಗಿಸಿದರೆ ದಾರಿ ಕಾಣುತ್ತದೆ, ಆದರೆ ದೀಪ ಹತ್ತಿದರೆ ಅಕ್ಕನ ಊರೇ ಹೋಗುತ್ತದೆ. ಡೈನಮೋವಿನ ಮೇಲಿಟ್ಟ ಕೈ ಹಿಂದಕ್ಕೆ ಬಂತು. ಇಷ್ಟು ದೂರ ಬಂದು ಹೀಗಾಯಿತಲ್ಲ ಎಂದು ಅಳು ಒತ್ತರಿಸಿಕೊಂಡು ಬಂತು. ದಾರಿ ಕೇಳೋಣವೆಂದರೆ ಜನರಿಲ್ಲ. ಏನೂ ತೋಚದೆ ಗಂಟೆ ಬಾರಿಸಿದಳು: ಟ್ರಿಣ್ ಟ್ರಿಣ್!

ಮೊದಲು ಕೇಳಿಸಿಕೊಂಡದ್ದು ನಾಯಿ. ಓಡಿ ಬಂದು, ಅವಳನ್ನು ದಾಟಿ, ಮುಂದೆ ನಿಂತು ಬೊಗಳಿತು. "ನನ್ನ ದನಿ ಹಿಡ್ಕೊಂಡು ಬಾ! ಇವತ್ತು ನೀನು ನನ್ನ ಅಟ್ಟಿಸ್ಕೊಂಡು ಬಾ!" ಆಮೇಲೆ ಕೇಳಿಸಿಕೊಂಡದ್ದು ಗುಡ್ಡ. ಅದು ಹಿಂದಿನಿಂದ ದಾರಿಯ ತುದಿಯನ್ನು ಚಾಪೆಯ ಹಾಗೆ ಮೆಲ್ಲಗೆ ಎತ್ತಿ ಹಿಡಿಯಿತು. ಅಲ್ಲಿಂದ ಕಡಲಿನವರೆಗೆ ದಾರಿಯೆಲ್ಲ ಇಳಿಜಾರಾಯಿತು! ಆದರೂ ಹೂವಿ ತನ್ನ ಕಾಲಿನ ಬಲದಿಂದಲೇ ಪೆಡಲು ತುಳಿಯುತ್ತ ಹೊರಟಳು.

ಇತ್ತ ಮೂಡಲಪಟ್ಟಣದಲ್ಲಿ ಕತ್ತಲಾದದ್ದೇ ತಡ, ಎಲ್ಲರೂ ದೀಪಕ್ಕೆ ತಡಕಾಡಿದರು. ಕಡಲು ಗೋಡೆಗೆ ದಬದಬ ಬಡಿಯುತ್ತಿತ್ತು. ಸಾಕಮ್ಮ ಬೆಚ್ಚಗಿನ ಹಾಲಿನ ಪಾತ್ರೆ ಮುಂದಿಟ್ಟುಕೊಂಡು ಬೆಳಗ್ಗೆಯಿಂದ ಕಾಯುತ್ತಿದ್ದಳು. ಅವಳ ಅತ್ತೆ ಬೆಂಕಿಕಡ್ಡಿ ತೆಗೆದಳು.

"ಬೇಡಿ ಅತ್ತೆ!" ಎಂದಳು ಸಾಕಮ್ಮ. "ನಮ್ಮ ಹಸೂನ ಕೆಚ್ಚಲು ಇನ್ನೂ ತುಂಬಿಲ್ಲ. ಕತ್ತಲಾಗಿರಬಹುದು, ಸಂಜೆ ಆಗಿಲ್ಲ. ನನ್ನ ತಂಗಿ ದಾರೀಲಿದ್ದಾಳೆ."

ಬೀದಿಗೆ ಓಡಿ ಮನೆಮನೆಯ ಬಾಗಿಲು ಬಡಿದಳು. "ಯಾರೂ ಕಡ್ಡಿ ಗೀರಬೇಡ್ರಪ್ಪೋ! ನನ್ನ ತಂಗಿ ಬರ್ತಾಳೆ!"

ಗೊಣಗುತ್ತಲೇ ಊರಿಗೆ ಊರೇ ಕತ್ತಲಲ್ಲಿ ಕೂತಿತು. ಯಾರೋ ಬೆಕ್ಕನ್ನು ತುಳಿದರು. ಯಾರೋ ತಮ್ಮ ಹೆಂಡತಿಯೆಂದು ಪಕ್ಕದ ಮನೆಯ ಯಜಮಾನನ ಕೈ ಹಿಡಿದರು. ಮಕ್ಕಳಿಗಂತೂ ಹಬ್ಬ. ಅಳ್ಳಕಯ್ಯ ಕಿಟಕಿ ಕಿಟಕಿಗೆ ಹೋಗಿ ಪಿಸುಗುಟ್ಟಿದ, "ಒಂದೇ ಒಂದು ದೀಪ, ಚಿಕ್ಕದು, ಯಾರಿಗೂ ಗೊತ್ತಾಗಲ್ಲ." ಒಬ್ಬರೂ ಹಚ್ಚಲಿಲ್ಲ.

ಅಷ್ಟರಲ್ಲಿ ದೂರದಿಂದ ನಾಯಿಯ ಬೊಗಳು, ಅದರ ಹಿಂದೆ ಟ್ರಿಣ್ ಟ್ರಿಣ್!

"ನಮ್ಮಪ್ಪ ಕಟ್ಟಿದ ಗಂಟೆ ಅದು!" ಎಂದು ಸಾಕಮ್ಮ ಕುಣಿದಳು. "ಹೂವೀ, ಇತ್ತ ಬಾರೇ!"

"ಇತ್ತ! ಇತ್ತ!" ಎಂದು ಊರೆಲ್ಲ ಕೂಗಿತು. ಆ ಕೂಗಿನ ಸಾಲಿನ ನಡುವೆ ಹೂವಿ ತೇಲಿಕೊಂಡು ಬಂದು, ಅಕ್ಕನ ಬಾಗಿಲಿಗೆ ಢೀ ಹೊಡೆದು ನಿಂತಳು. ಕುಡಿಕೆಯನ್ನು ಮಾತ್ರ ಎದೆಗವುಚಿಕೊಂಡಿದ್ದಳು. ಅಕ್ಕ ಕತ್ತಲಲ್ಲೇ ಹಾಲಿಗೆ ಬೆರಳದ್ದಿ ಹದ ನೋಡಿದಳು. ತಂಗಿ ಕೊನೆಯ ಚಮಚ ಹೆಪ್ಪು ಹಾಕಿ ಕಲಕಿದಳು. ಮೇಲೊಂದು ತಟ್ಟೆ ಮುಚ್ಚಿದರು.

ಶಾಪ ಬಿಡುವ ಮೊಸರು ರಾತ್ರಿಯೆಲ್ಲ ಕಾಯುವುದಿಲ್ಲ. ತಟ್ಟೆ ತೆಗೆಯುವಷ್ಟರಲ್ಲಿ ಗಟ್ಟಿ ಮೊಸರಾಗಿತ್ತು. ಗೋಡೆಯ ಗಾರೆ ಕಲ್ಲಿನಂತೆ ಬಿಗಿಯಿತು. ಬಾಣಲೆಯ ಪಾಕ ಬೆಲ್ಲವಾಯಿತು. ಕರಿ ಕಂಬಳಿ ಹರಿದು ಚೂರುಚೂರಾಗಿ ಬಿತ್ತು. ನೋಡಿದರೆ ಸೂರ್ಯ ಇನ್ನೂ ತೆಂಗಿನ ಮರಗಳ ಮೇಲೆಯೇ ಇದ್ದ.

ಬಾಗಿಲಲ್ಲಿ ಅಳ್ಳಕಯ್ಯ ನಿಂತಿದ್ದ. ಬೆಳಕಿನಲ್ಲಿ ಅವನು ಬರೀ ಒಬ್ಬ ಸಣ್ಣ ಮುದುಕ. ಕೈಯಲ್ಲೊಂದು ಕಂಚಿನ ಬಟ್ಟಲಿತ್ತು. ಜನ ಹೊಡೆಯಲು ನುಗ್ಗಿದರು. ಹೂವಿ ತಡೆದಳು.

"ಅದೇನು ತಾತ, ಬಟ್ಟಲು?"

ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಮುದುಕ ಬಟ್ಟಲನ್ನು ಎದೆಗೊತ್ತಿಕೊಂಡ.

"ಅವ್ವ ಹಾಸಿಗೆ ಹಿಡಿದಿದ್ಲು. ಬೆಳಗ್ಗೆ ಒಂದು ತುತ್ತು ಮೊಸರನ್ನ ಬೇಕು ಅಂದ್ಲು. ಹೆಪ್ಪು ಕೇಳ್ಕೊಂಡು ಈ ಊರಿನ ಬಾಗಿಲೆಲ್ಲ ತಿರುಗಿದೆ. ದೀಪ ಹಚ್ಚಾಯ್ತು, ಕೊಡಬಾರದು ಅಂದ್ರು. ಬೆಳಗಾದಾಗ ಹಾಲು ಹಾಲಾಗೇ ಇತ್ತು. ಅವ್ವ ಇರಲಿಲ್ಲ."

 ಸಾಕಮ್ಮನ ಅತ್ತೆ ತಲೆ ತಗ್ಗಿಸಿದಳು. ಹೂವಿಗೆ ತನಗೆ ಹಾಲು ಕೊಟ್ಟ ಬಾಗಿಲುಗಳೆಲ್ಲ ನೆನಪಾಗಿ ಕಣ್ಣು ತುಂಬಿತು. ಹೊಸ ಮೊಸರಿನಿಂದ ಒಂದು ಚಮಚ ತೆಗೆದು ಅವನ ಬಟ್ಟಲಿಗೆ ಹಾಕಿದಳು.

"ತಗೊಳ್ಳಿ ತಾತ" ಎಂದಳು. "ಇನ್ನೂ ದೀಪ ಹಚ್ಚಿಲ್ಲ."

ಮುದುಕ ಬಟ್ಟಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಅವನ ಮಂತ್ರವೆಲ್ಲ ಆ ಕಣ್ಣೀರಲ್ಲಿ ಕೊಚ್ಚಿಹೋಯಿತು.

ಆ ರಾತ್ರಿ ಉಬ್ಬರ ಬಂದು ಗೋಡೆಗೆ ಹಣೆ ಚಚ್ಚಿಕೊಂಡು ಹಿಂದಿರುಗಿತು. ನಾಯಿ ಅಲ್ಲಿಯೇ ಗೋಡೆಯ ಕಾವಲಿಗೆ ನಿಂತಿತು. ಹೂವಿ ಅಕ್ಕನ ಕೈಯ ಊಟ ಉಂಡು ದಪ್ಪಗಾಗಿ, ಅಜ್ಜಿಗೆ ಮೂರನೆಯ ಕಂಟಕದ ಸುದ್ದಿ ಹೇಳಲು ಮತ್ತೆ ಸೈಕಲ್ಲು ಹತ್ತಿದಳು. ಊರಿನವರು ರೂಢಿ ಬಿಡಲಿಲ್ಲ, ಅದಕ್ಕೊಂದು ದಾರಿ ಮಾಡಿದರು. ಅಂದಿನಿಂದ ಆ ಮುದುಕ ದಿನಾ ದೀಪ ಹಚ್ಚುವ ಮುನ್ನ ಬೀದಿ ಬೀದಿ ಸುತ್ತಿ, ಮನೆಮನೆಯ ಹೊರಗೋಡೆಗೆ ತೆಂಗಿನ ಕರಟದಲ್ಲಿ ಒಂದು ಚಮಚ ಹೆಪ್ಪು ತೂಗುಹಾಕುತ್ತಾನೆ. ನೀವು ಎಷ್ಟು ಹೊತ್ತಿಗೆ ಹೋದರೂ ಅದು ಅಲ್ಲೇ ಇರುತ್ತದೆ. ಬಾಗಿಲು ತಟ್ಟಬೇಕಾಗಿಲ್ಲ, ತೆಗೆದುಕೊಂಡು ಹೋಗಬಹುದು.